ತಿಪ್ಪೆ ಊರಲ್ಲಿ, ಹಸಿವು ಹೊಲದಲ್ಲಿ

“ಸರಕಾರಿ ಗೊಬ್ಬರ ಹಾಕಿ ಹಾಕಿ ಭೂಮಿ ಸತ್ತಹೋತ್ರಿ.” ಹುಬ್ಬಳ್ಳಿ ಸುತ್ತಲಿನ ಎರೆಹೊಲದವರ ಬಾಯಲ್ಲಿ ಈ ಮಾತು ಹೊಸದಲ್ಲ. ಸರಕಾರಿ ಗೊಬ್ಬರವೆಂದರೆ ಅವರಿಗೆ ಯೂರಿಯಾದಂಥ ರಾಸಾಯನಿಕ ಗೊಬ್ಬರ. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧದ ತಪ್ಪನ್ನು ಯೂರಿಯಾದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕೊಳೆತ ಬೇರು, ಎಲೆ, ಸಗಣಿ, ಸತ್ತ ಸೂಕ್ಷ್ಮಜೀವಿಗಳು ಬಿಟ್ಟುಹೋದದ್ದೇ ಮಣ್ಣಿನ ಸಾವಯವ ಇಂಗಾಲ; ಭೂಮಿ ಸತ್ತಿತೆಂದರೆ ಅದು ಬತ್ತಿತೆಂದೇ ಅರ್ಥ. ಅದು ಶೇ 0.5ಕ್ಕಿಂತ ಕೆಳಗಿದ್ದರೆ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ‘ಕಡಿಮೆ’ ಎಂದು ಬರೆಯುತ್ತಾರೆ. ನಮ್ಮ ಬಿಸಿಲಿಗೆ ಅದು ಬೇಗ ಸವೆಯುತ್ತದೆ. ವರ್ಷವರ್ಷ ತುಂಬುತ್ತಲೇ ಇರಬೇಕು.

ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ನಲ್ಲಿ ಕೃಷಿ ಸಂಶೋಧಕರು 1843ರಿಂದ ಒಂದೇ ಹೊಲದಲ್ಲಿ ಗೋಧಿ ಬೆಳೆದು ಲೆಕ್ಕ ಇಟ್ಟಿದ್ದಾರೆ. ರಾಸಾಯನಿಕ ಗೊಬ್ಬರವನ್ನಷ್ಟೇ ಉಂಡ ತಾಕಿನಲ್ಲಿ ಇಂಗಾಲ, ಏನೂ ಹಾಕದ ತಾಕಿಗಿಂತ ತುಸು ಹೆಚ್ಚೇ ಇದೆ. ಬೆಳೆ ಹುಲುಸಾದರೆ ಬೇರೂ ಕೂಳೆಯೂ ಹೆಚ್ಚು, ಅಷ್ಟೇ. ಕೊಟ್ಟಿಗೆ ಗೊಬ್ಬರದ ತಾಕಿನಲ್ಲಿ ಮಾತ್ರ ಅದು ಎರಡು ಪಟ್ಟು ದಾಟಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ 1978ರಿಂದ ರಾಗಿಯ ಮೇಲೆ ನಡೆದ ಪ್ರಯೋಗದಲ್ಲೂ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ರಾಸಾಯನಿಕ ಗೊಬ್ಬರ ಸೇರಿದಾಗಲೇ ಇಳುವರಿ ಗಟ್ಟಿಯಾಗಿ ನಿಂತಿತು. ಎರಡೂ ಜಗಳಗಂಟಿ ಸವತಿಯರಲ್ಲ.

ಹಾಗಾದರೆ ಕೆಟ್ಟದ್ದೆಲ್ಲಿ? 45 ಕಿಲೋದ ಒಂದು ಯೂರಿಯಾ ಚೀಲದಲ್ಲಿ ಸುಮಾರು 21 ಕಿಲೋ ಸಾರಜನಕ. ಅಷ್ಟನ್ನೇ ಕೊಟ್ಟಿಗೆ ಗೊಬ್ಬರದಿಂದ ಕೊಡಬೇಕೆಂದರೆ ನಾಲ್ಕು ಟನ್ ಹೇರಬೇಕು. ಚೀಲದ ಬೆಲೆ 270 ರೂಪಾಯಿಯೊಳಗೆ, ಹೆಗಲ ಮೇಲೆ ಹೊತ್ತು ತರಬಹುದು. ಯಾರು ಬೇಡವೆಂದಾರು? ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ತಿಪ್ಪೆ ಬತ್ತಿತು. ಹತ್ತಿಕಟ್ಟಿಗೆ ಒಲೆಗೆ, ಕಣಿಕೆ ದನಕ್ಕೆ, ಫಸಲು ಪೇಟೆಗೆ. ಹೊಲದಿಂದ ಹೊರಡುವ ದಾರಿಗಳೇ ಎಲ್ಲ.

ಮರಳುವ ದಾರಿಯೊಂದು ಹುಬ್ಬಳ್ಳಿಯಲ್ಲಿತ್ತು. ಊರ ಕಸವನ್ನು ಗುಂಡಿಯಲ್ಲಿ ಕೊಳೆಸಿ ಪಾಲಿಕೆ ಹರಾಜು ಹಾಕುತ್ತಿತ್ತು. ಸುತ್ತಲಿನ ರೈತರು ಕೊಂಡು ಹೊಲಕ್ಕೆ ಒಯ್ಯುತ್ತಿದ್ದರು. ಈ ವ್ಯವಹಾರ ಸೊರಗಿದ ಬಗೆಯನ್ನು ಫಿಯೋನಾ ನುನಾನ್ ಎಂಬ ಸಂಶೋಧಕಿ 2000ದಲ್ಲಿ ಪ್ರಬಂಧವಾಗಿ ಬರೆದರು. ಕಸದಲ್ಲಿ ಪ್ಲಾಸ್ಟಿಕ್, ಗಾಜು ಹೆಚ್ಚಿದ್ದು ದೊಡ್ಡ ಕಾರಣ. ಆರಿಸಿ ತೆಗೆಯಲು ಆಳಿನ ಕೂಲಿ ಯಾರು ಕೊಟ್ಟಾರು? 2016ರಲ್ಲಿ ಕೇಂದ್ರ ಸರ್ಕಾರ ನಗರ ಕಸದ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ನೆರವು ಘೋಷಿಸಿತು. ಹಣ ಕೊಟ್ಟರೆ ಗಾಜಿನ ಚೂರು ಹೋಗುವುದಿಲ್ಲವಲ್ಲ.

ಆದ್ದರಿಂದ ಭೂಮಿ ಸತ್ತಿತೆಂದು ನವಲಗುಂದ, ಕುಂದಗೋಳದ ರೈತನಿಗೆ ಉಪದೇಶ ಮಾಡುವ ಮೊದಲು ಹುಬ್ಬಳ್ಳಿಯ ಕಮರಿಪೇಟೆಯಂಥ ಒತ್ತಾದ ಪೇಟೆಗಳ ಹಸಿಕಸದ ಬುಟ್ಟಿ ನೋಡಬೇಕು. ಮೆಂತ್ಯದ ದಂಟು, ಬಾಡಿದ ಹೂವು, ಉಳಿದ ಅನ್ನ, ಎಲ್ಲ ಹೊಲದ್ದೇ. ಅದರೊಳಗೆ ಒಂದು ಹಳೆ ಬ್ಲೇಡು ಬಿದ್ದರೆ, ಆ ಗೊಬ್ಬರ ಹರಡಿದ ಮೆಣಸಿನಕಾಯಿ ಹೊಲದಲ್ಲಿ ಬರಿಗಾಲಲ್ಲಿ ಕಳೆ ತೆಗೆಯುವ ಹೆಣ್ಣುಮಗಳು ಮರುವರ್ಷ ಅದನ್ನು ಬೇಡ ಎನ್ನುತ್ತಾಳೆ. ಅವಳ ಮಾತೇ ಸರಿ.