ಉಪಕರಣದಾನವೊಂದೇ ಸಾಕೆ?

ಆಸ್ಪತ್ರೆಗೆ ಇನ್‌ಕ್ಯುಬೇಟರ್ ಕೊಡಿಸಿ ಅದರ ಮೇಲೆ ಹೆಸರು ಬರೆಸಿದ ಮಾತ್ರಕ್ಕೆ ಶ್ರಾವಕನ ದಾನಧರ್ಮವು ಪೂರ್ಣವಾಗುವುದೇ? ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ಆಹಾರ, ಔಷಧ, ಉಪಕರಣ, ಆವಾಸ ಎಂಬ ನಾಲ್ಕು ದಾನಗಳಾಗಿ ನಿರೂಪಿಸಿದ್ದಾರೆ. ಇದು ಪ್ರಧಾನವಾಗಿ ಸಂಯಮಿಗಳ ಸೇವೆಗೆ ಸಂಬಂಧಿಸಿದುದಾದರೂ ಕರುಣಾದಾನಕ್ಕೂ ದಾರಿ ತೋರಬಲ್ಲದು.

37 ವಾರ ತುಂಬುವ ಮುನ್ನ ಜನಿಸಿದ ಶಿಶುವಿಗೆ ಮೈಶಾಖವನ್ನು ಉಳಿಸಿಕೊಳ್ಳುವ ಶಕ್ತಿ ಕಡಿಮೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾ ನಗರದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದಿದ್ದಾಗ, ವೈದ್ಯ ಎಡ್ಗರ್ ರೇ ಸನಾಬ್ರಿಯಾ ಅವರು ಶಿಶುವನ್ನು ತಾಯಿಯ ಎದೆಗೆ ಒರಗಿಸಿಡುವ ಕಾಂಗರೂ ಆರೈಕೆಯನ್ನು ಆರಂಭಿಸಿದರು. ತೀವ್ರ ಉಸಿರಾಟದ ತೊಂದರೆಯಂಥ ಸಂದರ್ಭಗಳ ಹೊರತು, ಹುಟ್ಟಿದೊಡನೆಯೇ ಇದನ್ನು ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಶಿಫಾರಸು ಮಾಡಿತು.

ಹೀಗಿರುವಲ್ಲಿ ತಾಯಿಯ ಸಾನ್ನಿಧ್ಯವೂ ಚಿಕಿತ್ಸೆಯೇ ಆಗಿದೆ. ದೂರದ ಹಳ್ಳಿಯ ಬಡ ಬಾಣಂತಿಗೆ ವಾರಗಟ್ಟಲೆ ತಂಗಲು ಸ್ಥಳವೂ ಹೊತ್ತಿಗೆ ಊಟವೂ ದೊರೆಯದಿದ್ದರೆ ಯಂತ್ರವಿದ್ದೂ ಆರೈಕೆ ಅಪೂರ್ಣ. ಸೂತಕವು ದೇವಪೂಜೆಗೆ ಸಂಬಂಧಿಸಿದ ನಿಯಮ. ಅದನ್ನು ಮುಂದೊಡ್ಡಿ ಆಕೆಯ ಸೇವೆಯಿಂದ ಹಿಂಜರಿಯುವುದು ಅಹಿಂಸಾಧರ್ಮಕ್ಕೆ ಒಪ್ಪದು. ಬಸದಿಗಳ ಟ್ರಸ್ಟುಗಳು ಉಪಕರಣದೊಡನೆ ಆಸ್ಪತ್ರೆಯ ಸಮೀಪ ಬಾಣಂತಿಯರಿಗೆ ಆವಾಸವನ್ನೂ ಆಹಾರವನ್ನೂ, ಜಾತಿಮತಗಳನ್ನೆಣಿಸದೆ, ಏರ್ಪಡಿಸಲಿ. ಅಲ್ಲಿ ದಾನಿಯ ಹೆಸರು ಕಾಣದಿದ್ದರೂ ಪುಣ್ಯಕ್ಕೆ ಕೊರತೆಯಿಲ್ಲ.