ಮೊದಲು ನೋವಿನ ತೋಳು

 

ನಾಲ್ಕು ತಿಂಗಳಿಂದ ನನ್ನ ಬಲಭುಜ ಹಿಡಿದುಕೊಂಡಿದೆ. ಡಾಕ್ಟರು ‘ಫ್ರೋಜನ್ ಶೋಲ್ಡರ್’ ಎಂದರು. ಭುಜದ ಕೀಲನ್ನು ಸುತ್ತಿದ ಪೊರೆ ದಪ್ಪಗಾಗಿ ಬಿಗಿದುಕೊಳ್ಳುತ್ತದಂತೆ. 40ರಿಂದ 60 ವಯಸ್ಸಿನ ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಚ್ಚು. ಬೋರ್ಡಿನ ಮೇಲ್ತುದಿಯಲ್ಲಿ ಬರೆಯುವುದನ್ನು ಬಿಟ್ಟೆ, ಅದೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಬೆಳಗ್ಗೆ ಬಟ್ಟೆ ಹಾಕಿಕೊಳ್ಳುವುದು. ರವಿಕೆಯ ತೋಳಿಗೆ ಕೈ ತೂರದು. ಎಡಭುಜದ ಸೆರಗಿಗೆ ಪಿನ್ನು ಹಾಕಲು ಬಲಗೈ ಅಷ್ಟು ದೂರ ಹೋಗದು. ಬಾಗಿಲು ಹಾಕಿಕೊಂಡು, ಹಲ್ಲು ಕಚ್ಚಿಕೊಂಡು ಅರ್ಧ ಗಂಟೆ ಒದ್ದಾಡುತ್ತಿದ್ದೆ. ಮಗಳನ್ನು ಮಾತ್ರ ಕರೆಯಲಿಲ್ಲ.

1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳಿಗೆ ಸೀರೆ ಉಡುವ ರೀತಿಯ ಬಗ್ಗೆಯೂ ಹೇಳಿದ್ದರು, ಉಡುಗೆ ನೋಡಿ ಯಾರೂ ಜಾತಿ ಗುರುತಿಸಬಾರದೆಂದು. ಹಾಗಾಗಿ ಸೆರಗು ನಮಗೆ ಬರೀ ಅಲಂಕಾರವಲ್ಲ. ಅದನ್ನು ಇನ್ನೊಬ್ಬರ ಕೈಯಲ್ಲಿ ಹಾಕಿಸಿಕೊಂಡರೆ ಸ್ವಾಭಿಮಾನಕ್ಕೆ ಕುಂದು ಎಂದುಕೊಂಡಿದ್ದೆ. ‘ಅತ್ತದೀಪ’ದ ಬಗ್ಗೆ ನಿಮಗೆಲ್ಲ ಪಾಠ ಹೇಳಿದವಳು ನಾನೇ ತಾನೇ!

ಆ ದಿನಗಳಲ್ಲೇ ನಮ್ಮ ಓದಿಗೆ ವಿನಯಪಿಟಕದ ಕಾಯಿಲೆಯ ಭಿಕ್ಖುವಿನ ಪ್ರಸಂಗ ಬಂತು. ಹೊಟ್ಟೆ ಕೆಟ್ಟು ತನ್ನದೇ ಹೊಲಸಿನಲ್ಲಿ ಬಿದ್ದಿದ್ದ. ಯಾರೂ ಯಾಕೆ ನೋಡಿಕೊಳ್ಳುತ್ತಿಲ್ಲ ಎಂದು ಭಗವಾನರು ಕೇಳಿದರೆ, ನನ್ನಿಂದ ಅವರಿಗೇನೂ ಉಪಕಾರವಿಲ್ಲ ಎಂದ. ಭಗವಾನರು ನೀರು ಹೊಯ್ದರು, ಆನಂದ ಮೈ ತೊಳೆದ. ಈ ಕಥೆ ಓದುವಾಗ ಯಾವಾಗಲೂ ತೊಳೆಯುವವರ ಜಾಗದಲ್ಲಿ ನನ್ನನ್ನು ಇಟ್ಟುಕೊಳ್ಳುತ್ತಿದ್ದೆ. ತೊಳೆಸಿಕೊಂಡವನ ಜಾಗದಲ್ಲಿ ಒಮ್ಮೆಯೂ ಇಟ್ಟುಕೊಂಡಿರಲಿಲ್ಲ. ಅವನು ಬೇಡ ಎಂದನೆಂದು ಆ ಪ್ರಸಂಗದಲ್ಲಿ ಎಲ್ಲೂ ಇಲ್ಲ.

ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದು ಸರಳ. ಹಾಕಿಕೊಳ್ಳುವಾಗ ನೋವಿನ ತೋಳು ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಆಮೇಲೆ ವ್ಯಾಯಾಮ: ಎಡಗೈಯಲ್ಲಿ ಟೇಬಲ್ಲು ಹಿಡಿದು ಬಾಗಿ, ಬಲಗೈಯನ್ನು ಗಡಿಯಾರದ ಲೋಲಕದ ಹಾಗೆ ತೂಗಿಬಿಡುವುದು, ನೋವು ತಡೆಯುವಷ್ಟರವರೆಗೆ ಬೆರಳುಗಳಲ್ಲಿ ಗೋಡೆ ಹತ್ತುವುದು. ಇದನ್ನು ನನ್ನ ಬದಲು ಯಾರೂ ಮಾಡಲಾರರು. ಅತ್ತದೀಪದ ಮಾತು ಸಲ್ಲುವುದು ಇಲ್ಲಿಗೆ ಎಂದು ಈಗ ಅನ್ನಿಸುತ್ತದೆ. ಪಿನ್ನು ಯಾರು ಹಾಕಿದರೂ ನಿಲ್ಲುತ್ತದೆ.

ಈಗ ಮಗಳೇ ಹಾಕುತ್ತಾಳೆ, ಸ್ವಲ್ಪ ಸೊಟ್ಟಗೆ. ಗೋಡೆಯಲ್ಲಿ ನನ್ನ ಬೆರಳು ಮುಟ್ಟಿದಲ್ಲಿ ಪೆನ್ಸಿಲ್ ಗೆರೆ ಎಳೆಯುವವಳೂ ಅವಳೇ. ಹೋದ ಭಾನುವಾರದ ಗೆರೆಗಿಂತ ಇವತ್ತಿನದು ಎರಡು ಬೆರಳು ಮೇಲಿದೆ.

ಜೈಭೀಮ್.