ಹವ್ಯಾಸದ ವೆಲ್ಡಿಂಗ್ ಕಾಯಕವಾದೀತೇ?

ಹೊಟ್ಟೆಪಾಡಿಗಲ್ಲದೆ ಬರಿಯ ಆಸಕ್ತಿಯಿಂದ ಮಾಡುವ ದುಡಿಮೆಯನ್ನು ಕಾಯಕ ಎನ್ನಬಹುದೇ? 12ನೆಯ ಶತಮಾನದ ಶರಣರ ಕಸುಬುಗಳನ್ನು ನೋಡಿದರೆ ಈ ಪ್ರಶ್ನೆಗೆ ನೇರ ಉತ್ತರ ಸಿಗದು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕಟ್ಟಿಗೆ ಮಾರುವ ಮೋಳಿಗೆ ಮಾರಯ್ಯ ಇವರೆಲ್ಲರ ದುಡಿಮೆ ಅನ್ನಕ್ಕೆ ದಾರಿಯಾಗಿತ್ತು. ವಾರವೆಲ್ಲ ಕಚೇರಿಯಲ್ಲಿ ಕುಳಿತು, ಭಾನುವಾರ ಹಿತ್ತಲಲ್ಲಿ ಹಳೆಯ ಮಿಗ್ ವೆಲ್ಡಿಂಗ್ ಯಂತ್ರ ಹಚ್ಚಿ ಕಬ್ಬಿಣ ಬೆಸೆಯುವವನ ಸ್ಥಿತಿ ಬೇರೆ.

ಹುಬ್ಬಳ್ಳಿ-ಧಾರವಾಡದಲ್ಲಿ ಈ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ. ವಚನಗಳ ತಾಡವೋಲೆಗಳನ್ನು ಹುಡುಕಿ 1923ರಲ್ಲಿ ‘ವಚನ ಶಾಸ್ತ್ರಸಾರ’ ಹೊರತಂದ ಫ.ಗು. ಹಳಕಟ್ಟಿಯವರು ಹುಟ್ಟಿದ್ದು 1880ರಲ್ಲಿ, ಧಾರವಾಡದಲ್ಲಿ. ಇತ್ತ ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರ, ಗೋಕುಲ ರಸ್ತೆ ಮತ್ತು ತಾರಿಹಾಳದ ಕೈಗಾರಿಕಾ ಪ್ರದೇಶಗಳಲ್ಲಿ ಬೆಸುಗೆ ಎಂಬುದು ಸಾವಿರಾರು ಮನೆಗಳ ಅನ್ನ. ಒಬ್ಬರ ಅನ್ನ ಇನ್ನೊಬ್ಬರ ಹವ್ಯಾಸವಾಗುವ ಊರಿದು.

ಕಾಯಕಕ್ಕೆ ಮುಖ್ಯವಾಗಿ ಮೂರು ಲಕ್ಷಣಗಳು: ಸ್ವಂತ ಮೈಯ ಶ್ರಮ, ಸತ್ಯಶುದ್ಧತೆ, ದಾಸೋಹ. ಮೊದಲನೆಯದು ಹವ್ಯಾಸಿಗೂ ಸಲ್ಲುತ್ತದೆ. ಇಷ್ಟಲಿಂಗ ಜಾರಿ ಬಿದ್ದರೂ ನುಲಿಯ ಚಂದಯ್ಯ ಹುಲ್ಲು ಕೊಯ್ಯುವ ಕೆಲಸ ಬಿಡಲಿಲ್ಲ ಎಂಬ ಕಥೆ ಶೂನ್ಯಸಂಪಾದನೆಯಲ್ಲಿ ಪ್ರಸಿದ್ಧ. ಕೆಲಸದಲ್ಲಿ ಅಂಥ ತಲ್ಲೀನತೆಗೆ ಕೂಲಿ ಇರಲೇಬೇಕೆಂದಿಲ್ಲ.

ಎರಡನೆಯ ಲಕ್ಷಣದಲ್ಲಿ ಪರೀಕ್ಷೆ ಕಠಿಣ. ರಾಡ್ ವೆಲ್ಡಿಂಗಿಗಿಂತ ಮಿಗ್ ಬೇಗ ಕೈಹತ್ತುತ್ತದೆ. ಗನ್ನಿನ ಗುಂಡಿ ಒತ್ತಿದರೆ ತಂತಿ, ವಿದ್ಯುತ್ತು, ಅನಿಲ ಮೂರೂ ಒಟ್ಟಿಗೆ ಬರುತ್ತವೆ. ತೆಳು ತಗಡಿಗೆ 0.8 ಮಿ.ಮೀ. ತಂತಿ ಸಾಕು. ಗನ್ನಿನ ಟಿಪ್‌ನಿಂದ ತಂತಿ 10ರಿಂದ 12 ಮಿ.ಮೀ. ಹೊರಗಿರಬೇಕು, ಅನಿಲ ನಿಮಿಷಕ್ಕೆ 10ರಿಂದ 15 ಲೀಟರ್ ಹರಿಯಬೇಕು. 3 ಮಿ.ಮೀ. ದಪ್ಪದ ಉಕ್ಕಿಗೆ ಸುಮಾರು 120 ಆಂಪಿಯರ್ ಬೇಕಾಗುತ್ತದೆ. ವೋಲ್ಟೇಜು ಮತ್ತು ತಂತಿಯ ವೇಗ ಹೊಂದಿಕೊಂಡಾಗ ಒಗ್ಗರಣೆ ಸಿಡಿದಂಥ ಒಂದೇ ಸಮನಾದ ಸದ್ದು ಕೇಳುತ್ತದೆ.

ಈ ಸುಲಭತೆಯಲ್ಲೇ ಮೋಸವೂ ಇದೆ. ವೋಲ್ಟೇಜು ಕಡಿಮೆಯಾದರೆ, ಅಥವಾ ತುಕ್ಕು-ಬಣ್ಣ ಉಜ್ಜದೆ ಬೆಸೆದರೆ, ಕರಗಿದ ಲೋಹ ಮೇಲೆ ಚೆಂದದ ಸಾಲಾಗಿ ಕೂರುತ್ತದೆ, ಒಳಗೆ ಕೂಡಿರುವುದಿಲ್ಲ. ಅಂತರಂಗ, ಬಹಿರಂಗ ಎರಡೂ ಶುದ್ಧವಾಗಿರಬೇಕೆಂಬ ಶರಣರ ಮಾತಿಗೆ ವರ್ಕ್‌ಶಾಪಿನಲ್ಲಿ ಇದಕ್ಕಿಂತ ನಿಚ್ಚಳ ನಿದರ್ಶನ ಸಿಗುವುದು ಕಷ್ಟ. ಪರೀಕ್ಷೆಯ ದಾರಿ ಸರಳ: ಕೆಲಸದ ಲೋಹದಷ್ಟೇ ದಪ್ಪದ ಎರಡು ತುಂಡುಗಳನ್ನು ಬೆಸೆದು, ವೈಸ್‌ಗೆ ಕಚ್ಚಿಸಿ, ಸುತ್ತಿಗೆಯಿಂದ ಬಗ್ಗಿಸುವುದು. ಅಂಚಿನಲ್ಲಿ ಬಿಟ್ಟುಕೊಂಡರೆ ಅದು ಬೆಸುಗೆಯಲ್ಲ. ಗೇಟು, ಏಣಿ, ಟ್ರೇಲರಿನ ಕೊಂಡಿಗಳು ಇನ್ನೊಬ್ಬರ ಜೀವದ ಭಾರ ಹೊರುತ್ತವೆ. ಅಲ್ಲಿ ‘ಹವ್ಯಾಸಕ್ಕೆ ಮಾಡಿದ್ದು’ ಎಂಬ ನೆಪ ನಡೆಯದು.

ಉಪಕರಣದ ಪಾಲನೆಯೂ ಇದೇ ಶುದ್ಧತೆಯ ಭಾಗ. ಮಹಾನವಮಿಯಂದು ವೆಲ್ಡಿಂಗ್ ಅಂಗಡಿಗಳಲ್ಲಿ ಯಂತ್ರಗಳಿಗೆ ಕುಂಕುಮ-ಹೂವು ಏರುತ್ತವೆ. ಕಾಯಕದ ನೋಟದಲ್ಲಿ ಆ ಪೂಜೆ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಮಿಗ್ ಯಂತ್ರ ಭಾರವಾದರೂ ರಿಪೇರಿಗೆ ಒಲಿಯುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು. ಅದನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಿಂದ ಖಚಿತಪಡಿಸಿಕೊಂಡೇ ಒಳಗೆ ಕೈ ಹಾಕಬೇಕು. ಬಳಿಕ ಧೂಳು ತೆಗೆದು ಅರ್ಥ್ ಕ್ಲಾಂಪು ಮತ್ತು ಕೇಬಲ್ ಜೋಡಣೆ ನೋಡಬೇಕು. ತಂತಿ ತಡವರಿಸಿ ಬರುತ್ತಿದ್ದರೆ ಸವೆದ ಟಿಪ್, ಕೊಳೆ ತುಂಬಿದ ಲೈನರ್, ಜಾರುವ ರೋಲರ್ ಸಾಮಾನ್ಯ ಕಾರಣಗಳು. ತಂತಿ ಸರಿಯಾಗಿ ಬಂದೂ ಆರ್ಕ್ ಸೊರಗಿದ್ದರೆ ಕಾಂಟ್ಯಾಕ್ಟರ್ ಮತ್ತು ರೆಕ್ಟಿಫೈಯರಿನ ಡಯೋಡುಗಳನ್ನು ಪರೀಕ್ಷಿಸಬೇಕು. ಸಣ್ಣ ದೋಷಕ್ಕೆ ಇಡೀ ಯಂತ್ರವನ್ನು ಗುಜರಿಗೆ ಹಾಕುವುದು ಅದನ್ನು ಮಾಡಿದವರ ಶ್ರಮವನ್ನೂ ಗುಜರಿಗೆ ಹಾಕಿದಂತೆ.

ಮೂರನೆಯ ಲಕ್ಷಣವೇ ಹವ್ಯಾಸಿಯ ತೊಡಕು. ಫಲದ ಆಸೆ ಬಿಟ್ಟು ಕರ್ಮ ಮಾಡು ಎನ್ನುತ್ತದೆ ಗೀತೆ. ಆ ಅಳತೆಯಲ್ಲಿ ಹಣ ಬಯಸದ ಹವ್ಯಾಸಿ ಸುಲಭವಾಗಿ ಗೆಲ್ಲುತ್ತಾನೆ. ಶರಣರಿಗೆ ಅಷ್ಟೇ ಸಾಲದು. ಫಲ ಹುಟ್ಟಬೇಕು, ಹುಟ್ಟಿ ಹಂಚಿಹೋಗಬೇಕು. ಆಯ್ದಕ್ಕಿ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಮರಳಿ ಸುರಿದು ಬರುವಂತೆ ಹೆಂಡತಿ ಲಕ್ಕಮ್ಮ ಹೇಳಿದ ಪ್ರಸಂಗ ಈ ತತ್ವದ ತಿರುಳು. ಇಟ್ಟುಕೊಳ್ಳುವುದಕ್ಕೆ ಮಿತಿ ಇದೆ ಎಂಬುದು ಅಲ್ಲಿಯ ನ್ಯಾಯ. ಸಂಬಳದಲ್ಲಿ ಹೊಟ್ಟೆ ತುಂಬಿದವನು ಕಡಿಮೆ ದರಕ್ಕೆ ಕೆಲಸ ಹಿಡಿದು ರಸ್ತೆಬದಿಯ ವೆಲ್ಡರನ ಗಿರಾಕಿಯನ್ನು ಕಸಿದರೆ ಆ ಮಿತಿ ಮುರಿಯುತ್ತದೆ. ಸರ್ಕಾರಿ ಶಾಲೆಯ ಮುರಿದ ಬೆಂಚು ಸರಿಮಾಡಿದರೆ, ಕಲಿತದ್ದನ್ನು ಒಬ್ಬ ಹುಡುಗನಿಗೆ ಕಲಿಸಿದರೆ ಅದೇ ಶ್ರಮ ದಾಸೋಹವಾಗುತ್ತದೆ.

ಆದ್ದರಿಂದ ಹವ್ಯಾಸ ತಾನಾಗಿಯೇ ಕಾಯಕವಲ್ಲ, ಕಾಯಕಕ್ಕೆ ವಿರೋಧವೂ ಅಲ್ಲ. ಬೆಸುಗೆ ಒಳಗಿನಿಂದ ಗಟ್ಟಿಯಾಗಿದ್ದು, ಅದರ ಫಲ ಇನ್ನೊಬ್ಬರಿಗೆ ಮುಟ್ಟಿದರೆ, ಕೂಲಿಯಿಲ್ಲದ ದುಡಿಮೆಯೂ ಕಾಯಕದ ಸಾಲಿಗೆ ಸೇರುತ್ತದೆ. ಇಲ್ಲದಿದ್ದರೆ ಅದು ಹೊತ್ತು ಕಳೆಯುವ ಆಟ ಮಾತ್ರ.